ಹಾಡಿನ ನಡುವಿನ ಕೆಮ್ಮು

ಬೀದರಿನ ನಮ್ಮ ಓಣಿಯ ಗಿರಣಿಯಿಂದ ಆಗತಾನೆ ಬೀಸಿದ ಜೋಳದ ಹಿಟ್ಟಿನ ಬೆಚ್ಚನೆಯ ವಾಸನೆ ಬಂದರೆ ಈಗಲೂ ನನ್ನ ಕಾಲು ಅಲ್ಲೇ ನಿಲ್ಲುತ್ತದೆ. ಮೊನ್ನೆ ಡಬ್ಬಿ ಹಿಡಿದು ಪಾಳಿಯಲ್ಲಿದ್ದಾಗ ಹಿಟ್ಟಿನ ಧೂಳು ಗಂಟಲಿಗೆ ಹೋಗಿ ಕೆಮ್ಮು ಬಂತು. ಕೆಮ್ಮು ನಿಂತದ್ದೇ ತಡ, ಬಾಯಿಂದ ತಾನಾಗಿಯೇ ಒಂದು ಹಾಡಿನ ಅರ್ಧ ಸಾಲು ಹೊರಬಿತ್ತು. "ಏನಂದ್ರಿ ಅಕ್ಕೋರೆ?" ಎಂದ ಗಿರಣಿಯವನು. ಏನಿಲ್ಲ ಎಂದೆ. ನಾನು ಕಲಿತ ಹಾಡಿನಲ್ಲಿ ಕೆಮ್ಮೂ ಒಂದು ಪದವಾಗಿತ್ತು ಎಂದು ಅವನಿಗೆ ಹೇಗೆ ತಿಳಿಸಿ ಹೇಳಲಿ?

ಅದು ಔರಾದಿನ ನಮ್ಮ ಮನೆಯ ಹಾಡು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಊರಿಗೆ ಗಿರಣಿ ಬಂದು ಎಷ್ಟೋ ಕಾಲವಾಗಿದ್ದರೂ ಆಯಿಗೆ ಅದರ ಹಿಟ್ಟು ಸೇರುತ್ತಿರಲಿಲ್ಲ. ನಸುಕಿನಲ್ಲೇ ಎದ್ದು ಬೀಸುಕಲ್ಲಿನ ಮುಂದೆ ಒಂದು ಕಾಲು ಚಾಚಿ ಕೂಡುತ್ತಿದ್ದಳು. ನಾವು ನಾಲ್ಕು ಮೊಮ್ಮಕ್ಕಳು ಕೌದಿ ಹೊದ್ದುಕೊಂಡೇ ಬಂದು ಅವಳ ಸುತ್ತ ಒರಗುತ್ತಿದ್ದೆವು. ಕಲ್ಲಿನ ಗುರುಗುರು, ಆಯಿಯ ಬಳೆಗಳ ಸದ್ದು, ಇವೆರಡರ ಮೇಲೆ ಅವಳ ದಪ್ಪ ದನಿ:

ಔರಾದದ ಹಾದ್ಯಾಗ ಮಜ್ಜಿಗಿ ಹೊತ್ತೇನ
ಭಾಲ್ಕಿಯ ಬಯಲಾಗ ಬಿಸಿಲಾಗ ನಿಂತೇನ
ಬಾರೋ ನೀ — ನೆರಳಾಗಿ, ಕೊಡದಾಗ
ಬೆಣ್ಣಿ ಕರಗ್ಯಾದ ನಿನಗಾಗಿ

ಆ ಗೆರೆ ಎಳೆದ ಜಾಗದಲ್ಲಿ ಆಯಿ ಕಲ್ಲು ನಿಲ್ಲಿಸಿ ಎರಡು ಸಲ ಕೆಮ್ಮುತ್ತಿದ್ದಳು. ನಾವೂ ಅದಕ್ಕೇ ಕಾದಿದ್ದವರಂತೆ ಗದ್ದಲ ಹಾಕಿ ಕೆಮ್ಮುತ್ತಿದ್ದೆವು. ತುಸು ತಡೆದು ಆಯಿ ಮುಂದಿನ ಪದ ಎತ್ತುತ್ತಿದ್ದಳು. ಆ ತಡೆ ಕಲ್ಲಿಗೆ ಕಾಳು ಹಾಕುವ ಹೊತ್ತೆಂದು ನಮ್ಮ ಲೆಕ್ಕ. ಹಾಡಿನ ಗಂಡಸಿಗೆ ಕೆಮ್ಮಿನ ರೋಗವಿದೆಯೆಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಕೆಮ್ಮುವವನಿಗೆ ಈ ಹುಡುಗಿ ಮಜ್ಜಿಗೆ ಯಾಕೆ ಒಯ್ಯುತ್ತಾಳೆ? ಅದೂ ಭಾಲ್ಕಿಯವರೆಗೆ, ನಡೆದು! ಬೆಣ್ಣೆಯನ್ನು ಮನೆಯಲ್ಲೇ ತೆಗೆದಿಟ್ಟು ಬರಬಾರದಿತ್ತೇ? ಅವನಾದರೂ ಕೊಡೆ ಹಿಡಿದು ಬರುವುದು ಬಿಟ್ಟು ತಾನೇ ನೆರಳಾಗಿ ಬರುವುದು ಹೇಗೆ? ಇಂಥ ಬುದ್ಧಿಗೇಡಿ ಜೋಡಿ ಇನ್ನೊಂದಿಲ್ಲ ಎನಿಸುತ್ತಿತ್ತು, ಆದರೂ ಆ ಹಾಡೆಂದರೆ ನನಗೆ ಜೀವ. ಸಾಲೆಯ ಸ್ಪರ್ಧೆಯಲ್ಲಿ ಅದನ್ನೇ ಹಾಡಿ, ಜಾಗ ಬಂದಾಗ ಶಿಸ್ತಾಗಿ ಕೆಮ್ಮಿದೆ. ಗುರುಗಳು ಓಡಿ ಬಂದು ಬೆನ್ನು ಸವರಿ ನೀರು ಕುಡಿಸಿದರು. ಬಹುಮಾನ ಬೇರೆಯವರಿಗೆ ಹೋಯಿತು.

ಅಜ್ಜ ತೀರಿಕೊಂಡ ಮೇಲೆ ಆಯಿ ಬಹಳ ದಿನ ಹಾಡಲಿಲ್ಲ. ಒಂದು ಬೆಳಗ್ಗೆ ನಾವೇ ಗಂಟುಬಿದ್ದೆವು. "ಬಾರೋ ನೀ" ಎನ್ನುವವರೆಗೆ ಹಾಡಿ ಕಲ್ಲು ನಿಲ್ಲಿಸಿದಳು. ಕೆಮ್ಮಲಿಲ್ಲ. ಮರೆತಳೆಂದುಕೊಂಡು ಅವಳ ಪರವಾಗಿ ನಾವು ನಾಲ್ವರೂ ಜೋರಾಗಿ ಕೆಮ್ಮಿದೆವು. ಆಯಿ ನಮ್ಮನ್ನು ನೋಡಿದಳು, ಆಮೇಲೆ ಬಾಗಿಲ ಕಡೆ ನೋಡಿದಳು, ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡು ಎದ್ದುಹೋದಳು. ಉಳಿದ ಜೋಳ ಗಿರಣಿಗೆ ಹೋಯಿತು. ಆ ಹಾಡು ಅವಳ ಬಾಯಲ್ಲಿ ಮತ್ತೆ ಬರಲಿಲ್ಲ. ನಾವು ಮಾಡಿದ ತಪ್ಪೇನು ಎಂಬುದು ಇಷ್ಟು ವರ್ಷ ನನ್ನನ್ನು ಬಿಟ್ಟಿಲ್ಲ.

ಈಗ ನನ್ನ ಮಗಳಿಗೆ ಹೆಣ್ಣು ಕೂಸು ಹುಟ್ಟಿದೆ. ತೊಟ್ಟಿಲ ದಿನ ಅದೇ ಹಾಡು ಬೇಕೆಂದಳು. "ಆದ್ರ ಕೂಸಿಗಿ ಕೆಮ್ಮು ಕಲಿಸಬ್ಯಾಡ. ಆ ಜಾಗದಾಗ ಖರೇ ಪದ ಏನದ ಕೇಳಿ ಬಾ" ಎಂದಳು. ನನಗೆ ಉತ್ತರ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದೆ. ಆಯಿ ಗಂಡನ ಹೆಸರು ಹೇಳಿದವಳೇ ಅಲ್ಲ. ಮತದಾರರ ಪಟ್ಟಿಯವರು ಕೇಳಿದರೆ ನನ್ನನ್ನು ಮುಂದಕ್ಕೆ ನೂಕುತ್ತಿದ್ದಳು. ಹಾಗಾಗಿ ಕೆಮ್ಮಿನಡಿ ಇದ್ದದ್ದು ಅಜ್ಜನ ಹೆಸರೇ. ಹಾಡಿ ನೋಡಿದೆ: ಬಾರೋ ನೀ ಶರಣಬಸಪ್ಪ ನೆರಳಾಗಿ. ಹಾಡು ಕುಂಟಿಬಿತ್ತು. ಎರಡು ಕೆಮ್ಮಿನ, ಎರಡೇ ಅಕ್ಷರದ ಜಾಗದಲ್ಲಿ ಅಜ್ಜ ಎಷ್ಟು ಮಡಚಿದರೂ ಹಿಡಿಸಲಿಲ್ಲ. ಹಾಗಾದರೆ ಆಯಿ ಯಾರನ್ನು ಕರೆಯುತ್ತಿದ್ದಳು?

ಚಿದ್ರಿಯಲ್ಲಿರುವ ಕಾಶಮ್ಮತ್ತೆ ಆಯಿಯ ಮಗಳು. ಆ ಮನೆಯವರಲ್ಲಿ ಉಳಿದಿರುವ ಹಿರಿಯಳು ಅವಳೊಬ್ಬಳೇ. ಔರಾದಿನ ಮನೆ ಬಿದ್ದ ಮೇಲೆ ಬೀಸುಕಲ್ಲು ಅವಳಲ್ಲಿಗೆ ಬಂದಿದೆ. ಈಗ ಅದರ ಮೇಲೆ ನೀರಿನ ಕೊಡ ಕೂತಿದೆ. ನನ್ನ ಸಂಶಯ ಕೇಳಿ ಅತ್ತೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಯಾರ ಹೆಸರೋ ಯಾರಿಗಿ ಗೊತ್ತದ? ನಮ್ಮವ್ವಗ ಅವರವ್ವ ಕೆಮ್ಮೇ ಕಲಿಸ್ಯಾಳ. ಅಕಿಗಿ ಅವರವ್ವ."

"ಮತ್ತ ಆಯಿ ಅವತ್ತ ಯಾಕ ಎದ್ದು ಹೋದಳು ಅತ್ತಿ?"

ಅತ್ತೆಯ ನಗು ಇಳಿಯಿತು. "ನಾ ಅಂಗಳದಾಗ ಕಸ ಹೊಡೀತಿದ್ನಿ, ನನಗ ಗೊತ್ತದ. ಅವ್ವ ಒಳಗ ಕೆಮ್ಮಿದ ಕೂಡ್ಲೆ ನಮ್ಮಪ್ಪ ಕೊಟ್ಟಿಗ್ಯಾಗಿಂದ 'ಹೂಂ, ಬಂದ್ನಿ' ಅಂತಿದ್ದ. ದಿನಾ. ಅದನ್ನ ಕೇಳೇ ಅಕಿ ಮುಂದಿನ ಪದ ಅಂತಿದ್ಲು. ನೀವೆಲ್ಲಾ ಗದ್ದಲ ಹಾಕಿ ಕೆಮ್ಮತಿದ್ರಿ, ನಿಮಗೆಲ್ಲಿ ಕೇಳ್ತದ?"

ಬಸ್ಸಿನಲ್ಲಿ ಮನೆಗೆ ಬರುವಾಗ ತಲೆಯಲ್ಲಿ ಎಲ್ಲವೂ ಕಲಸಿಹೋಗಿತ್ತು. ಹೆಸರು ಯಾರದೋ, ಓಗೊಟ್ಟವನು ಇನ್ಯಾರೋ. ಆ ಓಗೊಡುವಿಕೆಯನ್ನೇ ನಾವು ಅಷ್ಟು ವರ್ಷ ಕೆಮ್ಮಿ ಕೆಮ್ಮಿ ಮುಚ್ಚಿದ್ದೆವು. ಯಾರನ್ನು ನೆನೆದು ಅಳಬೇಕೆಂದು ತಿಳಿಯದೆ ಸುಮ್ಮನೆ ಅತ್ತುಬಿಟ್ಟೆ.

ತೊಟ್ಟಿಲ ದಿನ ಹಾಡಿದೆ. ಜಾಗ ಬಂದಾಗ ಕೆಮ್ಮಿದೆ. ಬೇಡವೆಂದಿದ್ದ ಮಗಳು ನನ್ನತ್ತ ಕಣ್ಣು ಬಿಟ್ಟಳು. ಒಂದು "ಹೂಂ" ಹಿಡಿಸುವಷ್ಟು ಹೊತ್ತು ಸುಮ್ಮನಿದ್ದೆ. ಯಾರೂ ಅನ್ನಲಿಲ್ಲ. ಆಯಿಗೆ ಆಗದಿದ್ದ ಮುಂದಿನ ಪದವನ್ನು ಮೆಲ್ಲಗೆ ಎತ್ತಿಕೊಂಡೆ.