ಕತ್ತರಿಸಿದ ಇಪ್ಪತ್ತಮೂರು ಸೆಕೆಂಡು

ಅಮೆರಿಕದ ಡುಲೂತ್ ಊರಿನ ಒಂದು ವೈದ್ಯಕೀಯ ಕಾಲೇಜಿನ ನೆಲಮಾಳಿಗೆಯಲ್ಲಿ ವರ್ನಾ ಲುಂಡೀನ್ ಹತ್ತೊಂಬತ್ತು ವರ್ಷದಿಂದ ವಿಡಿಯೊ ಕತ್ತರಿಸುತ್ತಿದ್ದಳು. ನರರೋಗದ ಡಾಕ್ಟರುಗಳು ಇಂತಿಷ್ಟು ಗಂಟೆ ಹೊಸದಾಗಿ ಕಲಿತೆವೆಂದು ತೋರಿಸದಿದ್ದರೆ ಪರವಾನಗಿ ಉಳಿಯುವುದಿಲ್ಲ. ಅವರಿಗೋ ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಅದಕ್ಕೇ ಅವರಿಗೆಂದು ಮಾಡುವ ವಿಡಿಯೊ ಪಾಠಗಳೆಲ್ಲ ಐದೈದು ನಿಮಿಷದವು. ಕೆಮ್ಮು, ತೊದಲು, ಮೌನ ಎಲ್ಲವನ್ನೂ ವರ್ನಾ ಕಳೆ ಕೀಳುವ ಹಾಗೆ ಕೀಳುತ್ತಿದ್ದಳು. ಕಣ್ಣು ಉರಿ, ಕುತ್ತಿಗೆ ನೋವು. ಮನಸ್ಸು ಎಂದೋ ಸುಸ್ತಾಗಿತ್ತು. ಕೈ ಮಾತ್ರ ತಾನೇ ನಡೆಯುತ್ತಿತ್ತು.

ಒಂದು ಬೆಳಗ್ಗೆ, ಪಾಠಗಳನ್ನು ನೋಡಿ ಒಪ್ಪಿಗೆ ಕೊಡುವ ಡಾಕ್ಟರ್ ಬೆತ್ ಇಳಿದು ಬಂದಳು.

"ವರ್ನಾ, ನಮ್ ಕೈಲಾಗದ್ದು ನಿನ್ ಕೈಲಾಯ್ತು ಕಣೇ. ಓರಿನ್‌ಗೆ ಪಾರ್ಕಿನ್ಸನ್ ವಾಸಿ ಮಾಡ್ಬಿಟ್ಟಿದೀಯ!"

ಓರಿನ್ ಟ್ವೈಟ್ ಹಿಂದೆ ಶಾಲೆಯ ಬಸ್ಸು ಓಡಿಸುತ್ತಿದ್ದ ಮುದುಕ. ರೋಗದಿಂದಾಗಿ, ಹೆಸರು ಕೇಳಿದರೆ ಉತ್ತರ ಹೊರಡಲು ಇಪ್ಪತ್ತಮೂರು ಸೆಕೆಂಡು. ಆ ತಡವನ್ನು ತೋರಿಸುವುದೇ ಪಾಠ, ವರ್ನಾ ಕಿತ್ತದ್ದೂ ಅದನ್ನೇ. ಪರದೆಯ ಮೇಲೆ ಓರಿನ್ ಅರಳು ಹುರಿದಂತೆ ಮಾತಾಡುತ್ತಿದ್ದ.

"ನೀವೇ ನೋಡಿ ಸರಿ ಅಂದ್ರಲ್ಲ!"

"ಎರಡರಷ್ಟು ಸ್ಪೀಡಲ್ಲಿ ನೋಡ್ದೆ ಮಾರಾಯ್ತಿ. ಎಲ್ರೂ ಹಾಗೇ ನೋಡೋದು."

ಒಪ್ಪಿಗೆ ಸಿಕ್ಕ ದಿನವೇ ರೋಗಿಯ ಮೂಲ ಚಿತ್ರಣ ಅಳಿಸಬೇಕೆಂಬುದು ಅಲ್ಲಿನ ನಿಯಮ. ಅಳಿಸಿಯೂ ಆಗಿತ್ತು. ಮತ್ತೆ ಚಿತ್ರಿಸೋಣವೆಂದರೆ ಓರಿನ್‌ನ ದನಿ ತಿಂಗಳಿಂದ ತಿಂಗಳಿಗೆ ಕುಗ್ಗುತ್ತಿತ್ತು.

ವರ್ನಾ ಫೋನ್ ಮಾಡಿದಾಗ ಎತ್ತಿದವಳು ಅವನ ಹೆಂಡತಿ ಆಲ್ಮಾ. "ಯಾವ ಡಾಕ್ಟ್ರೂ ಇವರ ಉತ್ತರಕ್ಕೆ ಕಾಯಲ್ಲ, ನನ್ ಮುಖ ನೋಡ್ತಾರೆ. ಕಾದ್ರೆ ಮಾತು ಬರುತ್ತೆ ಅಂತ ತೋರಿಸ್ಬೇಕು ಅಂತಾನೇ ಇವರು ಒಪ್ಕೊಂಡಿದ್ದು. ನೀವೂ ಕಾಯ್ಲಿಲ್ವಾ?"

ವರ್ನಾ ತಪ್ಪೊಪ್ಪಿಕೊಂಡಳು. ಇನ್ನೊಮ್ಮೆ ಬನ್ನಿರೆಂದು ಬೇಡಿಕೊಂಡಳು. ಗುರುವಾರ ಅವರು ಬಂದರು. ಬೆತ್‌ಗೆ ವಾರ್ಡಿನಿಂದ ಕರೆ ಬಂದದ್ದರಿಂದ ಪ್ರಶ್ನೆಯನ್ನು ವರ್ನಾಳೇ ಕೇಳಬೇಕಾಯಿತು.

"ನಿಮ್ಮ ಹೆಸರೇನು?"

ಇಪ್ಪತ್ತಮೂರು ದಾಟಿತು. ಮೂವತ್ತೂ ದಾಟಿತು. ಗಂಡನ ಬದಲು ತಾನೇ ಹೇಳಿಬಿಡಲು ಆಲ್ಮಾಳ ತುಟಿ ಅಲುಗಿತು. ವರ್ನಾ ಅವಳ ಕೈ ಹಿಡಿದುಕೊಂಡಳು. ಕತ್ತರಿಸುವ ಬೆರಳು ತಾನಾಗಿ ತುಡಿಯುತ್ತಿತ್ತು, ಅದನ್ನು ಮಡಚಿಕೊಂಡಳು. ಐವತ್ತೊಂದನೆಯ ಸೆಕೆಂಡಿಗೆ ಓರಿನ್ ಬಾಯಿ ತೆರೆದ.

"ಇನ್ನೂ... ಇದೀರಾ?"

"ಇದೀನಿ. ನಿಧಾನಕ್ಕೆ ಹೇಳಿ."

ಹೆಸರು ಬಂತು. ಪಾಠ ಆರು ನಿಮಿಷವಾಯಿತು. ವರ್ನಾ ಅದನ್ನು ಹಾಗೇ ಕಳಿಸಿದಳು.