ಕಾಣದ ಸ್ನಾಯುವಿನ ವ್ಯಾಯಾಮ

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಕೆಮ್ಮಲು ಹೆದರುತ್ತೇನೆ. ಸೀನು ಬಂದರಂತೂ ದೇವರೇ ಗತಿ. ಹೋದ ವರ್ಷ ಬೀದರಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಆಪರೇಷನ್ ಆಯಿತು. ರೋಗ ಹೋಯಿತು, ಆದರೆ ಮೂತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಕಟ್ಟೆಯ ಮೇಲೆ ಯಾರಾದರೂ ನಗೆಯ ಮಾತು ತೆಗೆದರೆ ಎದ್ದು ಬಂದುಬಿಡುತ್ತೇನೆ. ಮುದುಕ ಈಗ ಗಂಭೀರನಾಗಿದ್ದಾನೆ ಎಂದು ಓಣಿಯವರು ಗೌರವ ಕೊಡುತ್ತಿದ್ದಾರೆ.

ಡಾಕ್ಟರು ಫಿಸಿಯೋಥೆರಪಿಗೆ ಕಳಿಸಿದರು. ನನಗೆ ಗೊತ್ತಿದ್ದಂತೆ ಅದು ಮೊಣಕಾಲಿನ ಚಿಕಿತ್ಸೆ. ಹೋದವನೇ ಪ್ಯಾಂಟನ್ನು ಮೇಲಕ್ಕೆ ಮಡಚಿ ಕುಳಿತೆ. ಮೊಮ್ಮಗಳ ವಯಸ್ಸಿನ ಆ ಥೆರಪಿಸ್ಟ್ ಹುಡುಗಿ ನಗಲಿಲ್ಲ. "ಮೊಣಕಾಲು ಮುಚ್ಕೊಳ್ರಿ ಕಾಕಾ, ಅದರದೇನೂ ಕೆಲಸಿಲ್ಲ" ಎಂದಳು.

ಕೆಲಸವಿದ್ದದ್ದು ಪೆಲ್ವಿಕ್ ಫ್ಲೋರ್ ಎಂಬ ಜಾಗದಲ್ಲಿ. ಕಿಬ್ಬೊಟ್ಟೆಯ ತಳದಲ್ಲಿ, ಮುಂದಿನ ಎಲುಬಿನಿಂದ ಬೆನ್ನಿನ ಬಾಲದೆಲುಬಿನವರೆಗೆ, ಕೂಸಿನ ಜೋಲಿ ಕಟ್ಟಿದಂತೆ ಕೆಲವು ಸ್ನಾಯುಗಳಿವೆಯಂತೆ. ಮೂತ್ರ, ಮಲ ಹಿಡಿದಿಡುವ ಹೊಣೆ ಅವುಗಳದು. ಹೈಸ್ಕೂಲಿನಲ್ಲಿ ನಮಗೆ ಹೃದಯದ ಚಿತ್ರ ಬರೆಸಿದರು, ಮೂತ್ರಪಿಂಡದ ಚಿತ್ರ ಬರೆಸಿದರು. ಅದಕ್ಕಿಂತ ಕೆಳಗೆ ಮೇಷ್ಟ್ರು ಇಳಿಯಲಿಲ್ಲ. ಬೀದರಿನ ನೆಲದಡಿ ಸುಲ್ತಾನರ ಕಾಲದ ನೀರಿನ ಸುರಂಗಗಳಿವೆ. ಮೇಲೆ ಮನೆ ಕಟ್ಟಿಕೊಂಡವರಿಗೆ ತಲೆಮಾರುಗಟ್ಟಲೆ ಅದರ ನೆನಪೇ ಇರಲಿಲ್ಲ. ಮನುಷ್ಯ ತನ್ನ ಕೆಳಗಿರುವುದನ್ನು ಹೀಗೆಯೇ ಮರೆಯುತ್ತಾನೆ.

ಮೊದಲ ದಿನ ಬರೀ ಪ್ರಶ್ನೆಗಳು. ಎಷ್ಟು ನೀರು, ಎಷ್ಟು ಚಹಾ, ಎಷ್ಟು ಸಲ ಹೋಗುತ್ತೀರಿ, ಮಲಬದ್ಧತೆ ಇದೆಯೇ, ಯಾವಾಗ ಸೋರುತ್ತದೆ. ಎಲ್ಲವನ್ನೂ ಮೂರು ದಿನ ಬರೆದು ತರಲು ಹೇಳಿದಳು. ಆಮೇಲೆ ಪರದೆಯ ಹಿಂದೆ ಪರೀಕ್ಷೆ. ಅದಕ್ಕೂ ಮುಂಚೆ ಏನು ಮಾಡುತ್ತೇನೆ, ಯಾಕೆ ಮಾಡುತ್ತೇನೆ ಎಂದು ಬಿಡಿಸಿ ಹೇಳಿ, "ನಡುವ ಬ್ಯಾಡ ಅನಿಸಿದ್ರ ಒಂದು ಮಾತು ಹೇಳ್ರಿ, ಅಲ್ಲಿಗೇ ನಿಲ್ಲಸ್ತೇನಿ" ಎಂದಳು.

ವ್ಯಾಯಾಮ ನೋಡುವವರಿಗೆ ಕಾಣುವುದಿಲ್ಲ. ಮಂಡಿ ಮಡಚಿ ಮಲಗಿ, ಮೂತ್ರ ತಡೆಯುವಂತೆ ಒಳಗಿನಿಂದ ಮೇಲಕ್ಕೆ ಎಳೆದುಕೊಳ್ಳಬೇಕು. ಹೊಟ್ಟೆ, ತೊಡೆ, ಕುಂಡೆ ಬಿಗಿಯಬಾರದು, ಉಸಿರು ಕಟ್ಟಬಾರದು. ಐದು ಎಣಿಸುವವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಕೆಮ್ಮುವ ಮೊದಲು, ಕುರ್ಚಿಯಿಂದ ಏಳುವ ಮೊದಲು ಒಮ್ಮೆ ಬಿಗಿಯಬೇಕು. ಮೂತ್ರ ಮಾಡುವಾಗ ಮಾತ್ರ ಈ ಅಭ್ಯಾಸ ಬೇಡ. ನಾನು ಮೊದಲ ವಾರ ಹುಬ್ಬನ್ನಷ್ಟೇ ಬಿಗಿದೆ. "ಮುಖ ಬಿಡ್ರಿ ಕಾಕಾ, ಅದು ಸೋರ್ತಿಲ್ಲ" ಎಂದಳು. ಗುಣ ಕಾಣಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕಂತೆ.

ನೀರು ಕುಡಿಯುವುದನ್ನು ಬಿಟ್ಟಿದ್ದೇನೆ ಎಂದು ಜಾಣತನ ತೋರಿಸಿದೆ. ಅವಳಿಗೆ ಸಿಟ್ಟು ಬಂತು. "ನೀರು ಬಿಟ್ರ ತ್ರಾಸ್ ಹೆಚ್ಚಾಗ್ತದರಿ. ಹಡೆದ ಹೆಣ್ಮಕ್ಕಳೂ ಹಿಂಗೇ ಮಾಡ್ತಾರ. ಖರೇ ಅಂದ್ರ ಈ ಚಿಕಿತ್ಸಾ ಅವರಿಗೇ ಹೆಚ್ಚು ಬೇಕು. ಆದ್ರ ಹಂಗೇ ಇರ್ತದ ಅಂತ ಸುಮ್ಮನಾಗಿ ಯಾರೂ ಬರೋದೇ ಇಲ್ಲ."

ನನ್ನ ಹೆಂಡತಿ ಸುಶೀಲಾ ಮೂವತ್ತು ವರ್ಷದಿಂದ ಮಧ್ಯಾಹ್ನದ ಮೇಲೆ ನೀರು ಕುಡಿಯುವುದಿಲ್ಲ. ಅದು ಅವಳ ವ್ರತ ಎಂದು ನಾನು ನಾಲ್ಕು ಜನರೆದುರು ಹೇಳಿಕೊಂಡಿದ್ದೇನೆ.

ಇನ್ನು ಹೇಳಿಯೇಬಿಡುತ್ತೇನೆ. ನಾನು ಬಸ್ ಕಂಡಕ್ಟರ್ ಆಗಿದ್ದೆ, ಔರಾದಿನಿಂದ ಭಾಲ್ಕಿಗೆ ಹೋಗುವ ಗಾಡಿಯಲ್ಲಿ. ಮೂರನೆಯ ಹೆರಿಗೆಯಾದ ಮೇಲೆ ಸುಶೀಲಾಗೆ ಸೋರುವುದು ಶುರುವಾಯಿತು. "ಎಲ್ಲಾ ಹೆಂಗಸರಿಗೂ ಆಗ್ತದ" ಎಂದು ನಾನೇ ಡಾಕ್ಟರಾದೆ. ಒಂದು ಸಲ ತವರಿನ ಮದುವೆಗೆಂದು ಭಾಲ್ಕಿಗೆ ನನ್ನದೇ ಬಸ್ಸಿನಲ್ಲಿ ಬಂದಳು. ಅರ್ಧ ದಾರಿಯಲ್ಲಿ ಹತ್ತಿರ ಬಂದು, "ಜರಾ ನಿಲ್ಲಸ್ರಿ" ಎಂದು ಪಿಸುಗುಟ್ಟಿದಳು. ಕಂಡಕ್ಟರ್ ತನ್ನ ಹೆಂಡತಿಗಾಗಿ ಬಸ್ ನಿಲ್ಲಿಸಿದ ಎಂದು ಜನ ಆಡಿಕೊಳ್ಳಬಾರದಲ್ಲ! "ಬಸ್ಸೇನು ನಿಮ್ಮಪ್ಪಂದೇನು? ಎಲ್ಲರಿಗೂ ಒಂದೇ ಕಾನೂನು" ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಗಾಡಿ ಮುಂದೆ ಹೋಗಲೆಂದು ಎರಡು ಸೀಟಿ ಊದಿದೆ. ಕೆಲವರು ಮೆಚ್ಚಿ ನಕ್ಕರು. ಭಾಲ್ಕಿಯಲ್ಲಿ ಎಲ್ಲರೂ ಇಳಿದರೂ ಅವಳು ಏಳಲಿಲ್ಲ. ಯಾಕೆಂದು ಸೀಟು ನೋಡಿದಾಗ ತಿಳಿಯಿತು. ಹತ್ತಲು ಬಂದವರಿಗೆ, "ಯಾರದೋ ಕೂಸು ಮಾಡೇದ್ರಿ" ಎಂದೆ. ಅವಳು ಅದನ್ನೂ ಕೇಳಿಸಿಕೊಂಡಳು. ಮತ್ತೆಂದೂ ಬಸ್ ಹತ್ತಲಿಲ್ಲ. ಆ ವಾರವೇ ಅವಳ ಹಾಸಿಗೆಯನ್ನು ಅಡುಗೆಮನೆಗೆ ಸಾಗಿಸಿದೆ. ಅವ್ವ ಗೊರಕೆ ಹೊಡೆಯುತ್ತಾಳೆ ಎಂದು ಮಕ್ಕಳಿಗೆ ಹೇಳಿದೆ.

ಈಗ ಸೋರುವವನು ನಾನು. ನನ್ನ ಹಾಸಿಗೆ ಎಲ್ಲಿತ್ತೋ ಅಲ್ಲೇ ಇದೆ. ಕೆಳಗೆ ಒಂದು ರಬ್ಬರ್ ಹಾಳೆ ಬಂದಿದೆ, ಅಷ್ಟೆ. ಅದನ್ನು ದಿನವೂ ತೊಳೆದು ಒಣಗಿಸುವವಳು ಸುಶೀಲಾ.

ಥೆರಪಿಸ್ಟ್ ಹೇಳಿದ್ದನ್ನು ಅವಳಿಗೆ ಹೇಳಿ, ನೀನೂ ಬಾ ಎಂದೆ. ತೊಗರಿಬೇಳೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ನಿಮಗ ಹತ್ತಿದ ಮ್ಯಾಲ ನನಗೂ ಅದ ಅಂತ ಗೊತ್ತಾಯ್ತೇನ್ರಿ?" ಎಂದಳು.

ಅವತ್ತು ಬಸ್ ನಿಲ್ಲಿಸಬೇಕಿತ್ತು, ತಪ್ಪಾಯಿತು ಎಂದೆ.

"ಬಸ್ಸಿಂದು ಬಿಡ್ರಿ. ಬಸ್ಸು ಒಂದು ತಾಸಿಂದು. ಹಾಸಗಿ?"

ಹದಿನೈದು ದಿನ ನಾನೊಬ್ಬನೇ ಚಿಕಿತ್ಸೆಗೆ ಹೋಗಿಬಂದೆ. ಅವಳು ಬರದಿದ್ದರೆ ನಾನೊಬ್ಬನೇ ಗುಣವಾಗುತ್ತೇನೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು. ಅಂಥ ಗುಣ ಯಾರಿಗೆ ಬೇಕು? ಒಂದು ಬೆಳಿಗ್ಗೆ ಒಗೆದ ಸೀರೆ ಉಟ್ಟು ಬಾಗಿಲಿಗೆ ಬಂದಳು. "ಆಟೋ ಕರೀರಿ. ಒಳಗ ಮಾತ್ರ ಬರಬ್ಯಾಡ್ರಿ."

ಹೊರಗೆ ಬೆಂಚಿನ ಮೇಲೆ ಕುಳಿತೆ. ಒಂದು ತಾಸಿಗೂ ಮೇಲಾಯಿತು. ಮೂವತ್ತು ವರ್ಷ ನಾನು ಕೇಳದ ಪ್ರಶ್ನೆಗಳನ್ನು ಒಳಗೆ ಆ ಹುಡುಗಿ ಒಂದೊಂದಾಗಿ ಕೇಳುತ್ತಿದ್ದಳು. ಸುಶೀಲಾ ಹೊರಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. ಏನಂದರು ಎಂದು ಕೇಳಿದೆ.

"ಭಾಳಷ್ಟು ಗುಣ ಆಗ್ತದಂತರಿ. ಆವಾಗ್ಲೇ ಬಂದಿದ್ರ ಇನ್ನೂ ಲಗೂ ಆಗ್ತಿತ್ತಂತ."

ಛಲೋ ಆಯ್ತಲ್ಲ ಎಂದೆ.

"ಏನ್ ಛಲೋ? ಗುಣ ಆಗಲ್ಲ ಅಂದಿದ್ರ ನನ್ನ ಹಣೆಬರಹ ಅಂತ ಇದ್ದುಬಿಡ್ತಿದ್ದೆ. ಇನ್ನ ಯಾರಿಗೆ ಅನ್ಲಿ?"

ಆಟೋ ಬಂತು. ಅವಳು ಹತ್ತಿ ಒಂದು ಬದಿಗೆ ಸರಿದು ನನಗೆ ಜಾಗ ಬಿಟ್ಟಳು. ಅಷ್ಟು ವರ್ಷ ಅವಳು ಹಣೆಬರಹವನ್ನು ಬೈಯುವಾಗಲೆಲ್ಲ ನಾನು ಅದರ ಮರೆಯಲ್ಲಿ ಆರಾಮಾಗಿ ಕುಳಿತಿದ್ದೆ. ಇನ್ನು ಬೈದರೆ ನನಗೇ ತಗಲುತ್ತದೆ. ತಗಲಲಿ, ಇಷ್ಟು ತಡವಾಗಿಯಾದರೂ ಬೈಗುಳದ ವಿಳಾಸ ಸರಿಯಾಯಿತಲ್ಲ.