ಯಾರೂ ಇಲ್ಲ ಎಂದು ಬರೆದವನು

ಪ್ರತಿ ಭಾನುವಾರ ನಾನು ಸಿಡ್ನಿಯಿಂದ ಊರಿಗೆ ಫೋನ್ ಮಾಡಿದಾಗ ಅಮ್ಮ ಮೊದಲು ಮಗುವಿನ ಶೀತದ ಬಗ್ಗೆ ಕೇಳುತ್ತಿದ್ದಳು. ಆಮೇಲೆ ಅಳಿಯನ ಕೆಲಸದ ಬಗ್ಗೆ. ಫೋನ್ ಕಾರ್ಡ್ ಮುಗಿಯುತ್ತಾ ಬಂತೆಂದು ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಎಚ್ಚರಿಸುವ ಹೊತ್ತಿಗೆ ದನಿ ತಗ್ಗಿಸಿ, "ಅವನಿಗೆ ಏನಾದರೂ ಮಾಡಿದಿಯಾ?" ಎನ್ನುತ್ತಿದ್ದಳು.

"ಇನ್ನೂ ಇಲ್ಲ ಅಮ್ಮ."

"ಮತ್ತೆ ಎಂತಕ್ಕೆ ಅಷ್ಟು ದೂರ ಹೋಗಿ ಕೂತದ್ದು ನೀನು?"

ನಾವಿಬ್ಬರು ಆಡುವುದು ತುಳುವಿನಲ್ಲಿ. ಕನ್ನಡದಲ್ಲಿ ಬರೆಯುವಾಗ ಅಮ್ಮನ ಸಿಟ್ಟು ಅರ್ಧಕ್ಕರ್ಧ ಇಳಿದುಹೋಗುತ್ತದೆ, ಓದುವವರು ದಯವಿಟ್ಟು ಅಷ್ಟನ್ನು ಸೇರಿಸಿಕೊಳ್ಳಬೇಕು.

ಅವನು ಎಂದರೆ ಮೆಲ್ಬರ್ನಿನಲ್ಲಿದ್ದ ಒಬ್ಬ ವೀಸಾ ಸಲಹೆಗಾರ. ನಮ್ಮವನೇ, ಕನ್ನಡದವನು. ಎಲ್ಲರೂ ಅವನನ್ನು ವೀಸಾ ಅಂಕಲ್ ಎನ್ನುತ್ತಿದ್ದರು. ಆಗಾಗ ಸಿಡ್ನಿಗೆ ಬಂದು ಇಲ್ಲಿನ ಲಿವರ್‌ಪೂಲ್ ಬಡಾವಣೆಯಲ್ಲಿ ಯಾರದೋ ಫ್ಲಾಟಿನ ಹಾಲ್‌ನಲ್ಲಿ ಕೂತು ಅಪ್ಪ ಅಮ್ಮಂದಿರನ್ನು ಕರೆಸಿಕೊಳ್ಳಬೇಕೆನ್ನುವವರ ಅರ್ಜಿ ತಯಾರು ಮಾಡುತ್ತಿದ್ದ. ನಾನು ಬಸುರಿಯಾಗಿದ್ದಾಗ ಅಮ್ಮನನ್ನು ಒಂದು ವರ್ಷದ ಮಟ್ಟಿಗೆ ಕರೆಸೋಣವೆಂದು ನಾನೂ ಗಂಡನೂ ಅವನಲ್ಲಿಗೆ ಹೋಗಿದ್ದೆವು. "ಆಫೀಸರ್ ಕೂಡ ಮನುಷ್ಯನೇ ಅಲ್ವೇನಮ್ಮಾ? ಓದಿದರೆ ಕರುಳು ಚುರ್ ಅನ್ನಬೇಕು, ಹಾಗೆ ಬರೀತೀನಿ. ನೀವು ಆರಾಮಾಗಿರಿ" ಎಂದ. ನಾವು ಆರಾಮಾಗಿದ್ದೆವು. ಅವನು ಬರೆದದ್ದನ್ನು ನಾವು ನೋಡಿದ್ದು ವೀಸಾ ಇಲ್ಲ ಎಂದು ಬಂದ ಮೇಲೆ.

ನನ್ನ ಅಮ್ಮ ವಿಧವೆ, ಅದು ನಿಜ. ಉಳಿದದ್ದೆಲ್ಲ ಅವನ ಕೈಚಳಕ. ಕಾಯಿಲೆಯ ಮುದುಕಿ, ಸೋರುವ ಮನೆ, ಒಂದು ಲೋಟ ನೀರು ಕೊಡಲು ಕೂಡ ಯಾರೂ ಇಲ್ಲ. ಉಡುಪಿ ಕಡೆಯ ನಮ್ಮ ಪೇಟೆಯಲ್ಲಿ ಅಮ್ಮನದ್ದೇ ಬಟ್ಟೆ ಅಂಗಡಿ. ಮನೆಯಲ್ಲಿ ಇಬ್ಬರು ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು. ನೀರು ಬೇಕೆಂದು ಒಂದು ಸಲ ಕೂಗಿದರೆ ನಾಲ್ಕು ಲೋಟ ಬರುವ ಮನೆ. ಆಫೀಸರ್ ಮನುಷ್ಯನೇ, ಓದಿ ಮರುಗಿರಲೂಬಹುದು. ಆದರೆ ಅಲ್ಲಿ ಯಾರೂ ಇಲ್ಲದವಳು ಇಲ್ಲಿಗೆ ಬಂದರೆ ತಿರುಗಿ ಹೋಗಲಿಕ್ಕಿಲ್ಲ ಎಂದು ತೀರ್ಮಾನಿಸಿದ.

ಊರಲ್ಲಿ ಅಣ್ಣ ಆ ಆಫೀಸಿನ ಪತ್ರವನ್ನು ಓದಿ ಅರ್ಥ ಹೇಳಿದಾಗ ಅಮ್ಮನಿಗೆ ಆಫೀಸರನ ಮೇಲೆ ಒಂದು ಚೂರೂ ಸಿಟ್ಟು ಬರಲಿಲ್ಲವಂತೆ. "ಅವ ಹೇಳಿದ್ದು ಸರಿಯೇ ಉಂಟು. ಯಾರೂ ಇಲ್ಲದವಳು ವಾಪಸ್ ಯಾಕೆ ಹೋಗ್ತಾಳೆ? ನನಗೆ ಯಾರೂ ಇಲ್ಲ ಅಂತ ಬರೆದವ ಯಾರು? ಅದನ್ನು ಹೇಳಿ." ಆಮೇಲೆ ನಾವೆಷ್ಟು ಬೇಡಿಕೊಂಡರೂ ಎರಡನೆಯ ಅರ್ಜಿಗೆ ಅವಳು ಸಹಿ ಹಾಕಲಿಲ್ಲ. ನನ್ನ ಬಾಣಂತನವನ್ನು ನನ್ನ ಗಂಡ, ಫೋನಿನಲ್ಲಿ ಅಮ್ಮನನ್ನು ಕೇಳಿ ಕೇಳಿ, ಕಾಳುಮೆಣಸು ಹುರಿದು ಮನೆಯೆಲ್ಲ ಘಾಟು ಮಾಡಿ ಮುಗಿಸಿದ. ಸೇಡು ತೀರಿಸುವ ಹೊಣೆ ಮಾತ್ರ ನನ್ನ ಪಾಲಿಗೆ ಉಳಿಯಿತು.

ನಾನಾಗ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ಒಂದು ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿದ್ದೆ. ಸ್ಟೇಷನ್ ಹತ್ತಿರ ಬಾಡಿಗೆ ಫ್ಲಾಟು. ಮೇಲಿನ ಮಹಡಿಯಲ್ಲಿ ಫಿಲಿಪೀನ್ಸ್‌ನ ಒಬ್ಬ ನರ್ಸ್, ಅವಳ ಗಂಡ. ನನಗಿಂತ ಚಿಕ್ಕವಳು. ನನ್ನನ್ನು ಆತೆ ಎನ್ನುತ್ತಿದ್ದಳು, ಅವರಲ್ಲಿ ಅಕ್ಕನನ್ನು ಹಾಗೆ ಕರೆಯುವುದು. ಒಂದು ಬಸಿರು ನಿಲ್ಲದೆ ಹೋಗಿ, ಎರಡನೆಯದು ನಿಂತಿತ್ತು. ಮೆಟ್ಟಿಲು ಹತ್ತುವಾಗಲೂ ಹೆದರಿ ಹೆದರಿ ಹತ್ತುತ್ತಿದ್ದಳು. ಅಪ್ಪ ಅಮ್ಮ ಬರಬೇಕು, ಮಗು ಎದ್ದು ನಿಲ್ಲುವವರೆಗೆ ಇರಬೇಕು. ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಒಂದು ಸಂಜೆ ಅವಳು ನಮ್ಮ ಬಾಗಿಲಲ್ಲಿ ನಿಂತು ಅಳತೊಡಗಿದಳು. ಒಳಗೆ ಕೂರಿಸಿ ಕೇಳಿದರೆ, ವೀಸಾ ಇಲ್ಲ ಎಂದಿದ್ದಾರೆ. ಅರ್ಜಿ ಯಾರು ಹಾಕಿಕೊಟ್ಟರು ಎಂದೆ. ಅವಳ ಗಂಡ ನಾರ್ವೆಸ್ಟ್‌ನ ಒಂದು ಐಟಿ ಆಫೀಸಿನಲ್ಲಿದ್ದ. ಅಲ್ಲಿನ ನಮ್ಮವನೊಬ್ಬ, "ನಮ್ಮ ಅಂಕಲ್ ಇದ್ದಾರೆ, ತುಂಬಾ ಅನುಭವಸ್ಥರು" ಎಂದು ಲಿವರ್‌ಪೂಲ್‌ಗೆ ಕಳಿಸಿದ್ದನಂತೆ. ನಾನು ಅರ್ಜಿಯ ಪ್ರತಿ ತರಿಸಿಕೊಂಡು ಓದಿದೆ. ಕಾಯಿಲೆಯ ಮುದುಕ, ಮುದುಕಿ. ಸೋರುವ ಮನೆ. ಒಂದು ಲೋಟ ನೀರು ಕೊಡಲು ಕೂಡ ಯಾರೂ ಇಲ್ಲ.

ಅದೇ ಲೋಟ! ಉಡುಪಿಯಿಂದ ಎತ್ತಿ ಫಿಲಿಪೀನ್ಸ್‌ನಲ್ಲಿ ಇಟ್ಟಿದ್ದ. ನನ್ನ ಮೈ ಉರಿದುಹೋಯಿತು.

"ಅಳಬೇಡ. ನಿಮ್ಮಪ್ಪ ಅಲ್ಲಿ ನಿಜವಾಗಿ ಮಾಡುವುದೇನು, ಅದನ್ನು ಹೇಳು" ಎಂದೆ.

"ಏನಿಲ್ಲ ಆತೆ. ಸ್ವಲ್ಪ ಕಬ್ಬು ಬೆಳೆಯುತ್ತಾರೆ. ಅದು ಬಿಟ್ಟರೆ..." ಎಂದು ನಾಚಿಕೊಂಡು ನಿಲ್ಲಿಸಿದಳು. "ನೀನೇ ಮಾತಾಡು."

ಅವಳು ಹಚ್ಚಿಕೊಟ್ಟ ಫೋನಿನಲ್ಲಿ ಮೊದಲು ಕೇಳಿಸಿದ್ದು ಮನುಷ್ಯನ ದನಿಯಲ್ಲ. ಒಂದು ಹುಂಜ ಕೂಗಿತು. ಅದಕ್ಕೆ ಇನ್ನೊಂದು ಉತ್ತರ ಕೊಟ್ಟಿತು. ಅದಕ್ಕೆ ಮತ್ತೊಂದು. ಆ ಕಡೆಯ ದ್ವೀಪವೆಲ್ಲ ಹುಂಜವೇ ಇದೆಯೋ ಎನ್ನುವ ಹಾಗೆ. ನಾನು ಹುಟ್ಟಿ ಬೆಳೆದದ್ದು ಕೋಳಿ ಅಂಕಕ್ಕೆ, ಎಂದರೆ ಕಾಲಿಗೆ ಕತ್ತಿ ಕಟ್ಟಿ ಕಾದಾಡಿಸಲಿಕ್ಕೆ, ಹುಂಜ ಸಾಕುವ ಅಜ್ಜನ ಮನೆಯಲ್ಲಿ. ಸಾರಿನ ಕೋಳಿಯ ಕೂಗಿಗೂ ಅಂಕದ ಹುಂಜದ ಕೂಗಿಗೂ ಇರುವ ವ್ಯತ್ಯಾಸ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

"ತಾತಾಯ್," ಎಂದೆ. ಅವರಲ್ಲಿ ಅಪ್ಪನಿಗೆ ಹಾಗೆನ್ನುತ್ತಾರೆ. "ಕತ್ತಿ ಎಡಗಾಲಿಗೆ ಕಟ್ಟುತ್ತೀರೋ, ಬಲಗಾಲಿಗೋ?"

ಅಷ್ಟೇ ಸಾಕಾಯಿತು, ಮುದುಕ ಕತ್ತಿಯ ವಿಷಯಕ್ಕೆ ಹೊರಟವನು ನಿಲ್ಲಿಸಲೇ ಇಲ್ಲ. ಅವನ ಹರಕು ಇಂಗ್ಲಿಷು, ನನ್ನ ಲ್ಯಾಬ್ ಇಂಗ್ಲಿಷು, ನಡುವೆ ಹುಂಜಗಳು. ಕಳೆದ ವರ್ಷ ಊರ ಹಬ್ಬದ ಅಂಕದಲ್ಲಿ ತನ್ನ ಒಳ್ಳೆಯ ಕೆಂಪು ಹುಂಜಕ್ಕೆ ಪಕ್ಕದ ಮನೆಯವನು ನೀರಿನಲ್ಲಿ ಏನೋ ಬೆರೆಸಿ ಕುಡಿಸಿದನೆಂದ. ಅದು ಕಣದಲ್ಲಿ ಕಾಲು ಎತ್ತಲಾರದೆ ಸತ್ತಿತ್ತು. ಆ ಹುಂಜದ ಮಗ ಈಗ ತಯಾರಾಗುತ್ತಿದೆ. ಬರುವ ಹಬ್ಬಕ್ಕೆ ಅದು ಕಣಕ್ಕೆ ಇಳಿಯಬೇಕು, ಪಕ್ಕದ ಮನೆಯವನ ಹುಂಜದ ಎದುರು. "ಅಲ್ಲಿಯವರೆಗೆ ನಾನು ಸಾಯುವುದಿಲ್ಲ" ಎಂದ.

"ಸಿಡ್ನಿಗೆ ಬಂದರೆ?"

"ತಮ್ಮ ನೋಡಿಕೊಳ್ಳುತ್ತಾನೆ. ಆದರೆ ಹಬ್ಬಕ್ಕೆ ನಾನು ಇಲ್ಲಿರಬೇಕು. ನಿಮ್ಮ ದೇಶದ ಪ್ರಧಾನಿಯೇ ಕೈ ಹಿಡಿದರೂ ನಿಲ್ಲುವುದಿಲ್ಲ."

ನನ್ನ ಅಜ್ಜ ಸ್ವಂತ ತಂಗಿಯ ಮದುವೆಯಲ್ಲಿ ಧಾರೆಯಾದ ಕೂಡಲೇ, ಹುಂಜಕ್ಕೆ ಮೈ ತಿಕ್ಕುವ ಹೊತ್ತಾಯಿತೆಂದು ಮನೆಗೆ ನಡೆದ ಮನುಷ್ಯ. ತಿರುಗಿ ಹೋಗುವವನ ಲಕ್ಷಣ ಇದಕ್ಕಿಂತ ಬೇರೆ ಯಾವುದು ಬೇಕು?

ನಾನು ಏಜೆಂಟ್ ಅಲ್ಲ. ಗೆಳತಿಯ ಪಕ್ಕ ಕೂತು, ಇದನ್ನು ಬರಿ, ಅದನ್ನು ಬಿಡು ಎಂದೆ, ಅಷ್ಟೆ. ಅವಳಿಗೆ ಮೊದಲು ನಗು, ಆಮೇಲೆ ಭಯ. "ಆತೆ, ಕೋಳಿ ಜಗಳ ಅಂದರೆ ಇಲ್ಲಿಯವರು ನಮ್ಮನ್ನು ಕಾಡುಜನ ಅಂದುಕೊಳ್ಳುವುದಿಲ್ಲವಾ?"

"ಅರ್ಜಿ ಹೋಗುವುದು ಮನಿಲಾದ ವೀಸಾ ಆಫೀಸಿಗೆ. ಅಲ್ಲಿ ಕೂತವರ ಕಿವಿಗೂ ಬೆಳಗಾದರೆ ಹುಂಜ ಕೂಗುತ್ತದೆ. ಬರಿ."

ಕಬ್ಬಿನ ಗದ್ದೆಯ ಪತ್ರ, ಸೋರದ ಮನೆಯ ಫೋಟೋ, ತುಂಬಿದ ಮನೆಯ ಫೋಟೋ, ಅಂಗಳದ ಉದ್ದಕ್ಕೆ ಒಂದೊಂದು ಗೂಡಿಗೆ ಒಂದೊಂದು ಹುಂಜ ಕಟ್ಟಿದ ಫೋಟೋ. ಹಬ್ಬದ ಅಂಕಕ್ಕೆ ಇವರ ಹುಂಜ ನೋಂದಾಯಿಸಿದೆ ಎಂದು ಕಣದವರ ಸಹಿ. ಅವರಲ್ಲಿ ಅದು ಕಾನೂನಿನ ಪ್ರಕಾರವೇ ನಡೆಯುವಂಥದು. ಅಳು ಒಂದು ಹನಿಯೂ ಇಲ್ಲದ ಅರ್ಜಿ ಅದು. ಇಬ್ಬರಿಗೂ ವೀಸಾ ಬಂತು. ಹೆರಿಗೆಗೆ ಮೊದಲೇ ಮುದುಕ ಮುದುಕಿ ವೆಸ್ಟ್‌ಮೀಡ್‌ನ ಮೇಲಿನ ಮಹಡಿಯಲ್ಲಿದ್ದರು. ಹೆಣ್ಣುಮಗು ಹುಟ್ಟಿತು. ಹೆಸರು ಹೇಳುವುದು ಬೇಡ, ದುಂಡಗಿತ್ತು.

ಭಾನುವಾರ ಅಮ್ಮನಿಗೆ ಎಲ್ಲ ಹೇಳಿದೆ. "ಒಳ್ಳೆಯದಾಯಿತು ಮಗಾ," ಎಂದಳು. ಆಮೇಲೆ, "ಅವನಿಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ಅವನಿಗೆ ಗೊತ್ತಾಗದಿದ್ದರೆ ಸೇಡು ಎಲ್ಲಿ ತೀರಿತು?

ಮೆಲ್ಬರ್ನಿನಲ್ಲಿ ನಮ್ಮ ಕಡೆಯವರೆಲ್ಲ ಸೇರುವ ದೀಪಾವಳಿಯ ಊಟವಿತ್ತು. ಬಾಳೆಲೆಯ ಊಟ. ಅಂಕಲ್ ಅಲ್ಲಿ ಪ್ರತಿ ವರ್ಷ ಊಟದ ನಡುವೆ ಅಪ್ಪ ಅಮ್ಮಂದಿರ ವೀಸಾದ ಬಗ್ಗೆ ಉಪದೇಶ ಮಾಡುತ್ತಾನೆಂದು ಕೇಳಿದ್ದೆ. ತಾತಾಯ್‌ಗೆ ವಿಷಯ ತಿಳಿಸಿದೆ. "ನಿಮ್ಮನ್ನು ಯಾರೂ ಇಲ್ಲದವರು ಎಂದು ಬರೆದವನನ್ನು ನೋಡುತ್ತೀರಾ?" ಮುದುಕ ಆಗಲೇ ಹೋಗಿ ಟೋಪಿ ಹಾಕಿಕೊಂಡು ಬಂದ. ಹುಂಜಗಳ ಆಲ್ಬಮ್ ಕಂಕುಳಲ್ಲಿ. ಗಂಡ ಕಾರು ಓಡಿಸಿದ. ದಾರಿಯುದ್ದಕ್ಕೂ, "ಅಲ್ಲಿ ಹೋಗಿ ಜಗಳ ತೆಗೀಬೇಡ ಮಾರಾಯ್ತಿ" ಎನ್ನುತ್ತಿದ್ದ. "ನಾನ್ಯಾಕೆ ತೆಗೀಲಿ? ಊಟಕ್ಕೆ ಹೋಗೋದು" ಎನ್ನುತ್ತಿದ್ದೆ.

ಎಲೆ ಹಾಕಿ ಪಲ್ಯ, ಕೋಸಂಬರಿ ಬಡಿಸಿ ಆಗಿತ್ತು. ಅಂಕಲ್‌ನ ಎದುರಿನ ಸಾಲಿನಲ್ಲೇ ಜಾಗ ಹಿಡಿದು ತಾತಾಯ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅನ್ನ ಬಡಿಸುವಾಗ ಜೋರಾಗಿ ಕೇಳಿದೆ.

"ಅಂಕಲ್, ಇವರ ಗುರುತು ಸಿಕ್ಕಿತಾ? ಫಿಲಿಪೀನ್ಸ್‌ನವರು. ಒಂದು ಲೋಟ ನೀರು ಕೊಡಲು ಯಾರೂ ಇಲ್ಲ ಅಂತ ಬರೆದಿದ್ರಲ್ಲ?"

ಅವನು ಒಂದು ಕ್ಷಣ ನೋಡಿದ. ಆಮೇಲೆ ಮುಖವೆಲ್ಲ ಅರಳಿಸಿ, "ಬಂದ್ರಲ್ಲಮ್ಮಾ! ನೋಡಿ ಇವರೇ, ನಾನು ಹಾಕಿದ ಬೀಜ, ಈಗ ಫಲ ಕೊಟ್ಟಿದೆ" ಎಂದ. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ನನ್ನ ಸೇಡನ್ನು ಅವನು ಉಪ್ಪಿನಕಾಯಿಯ ಹಾಗೆ ನೆಕ್ಕಿಕೊಂಡ.

ತಾತಾಯ್‌ಗೆ ಕನ್ನಡ ಬಾರದು. ಚಪ್ಪಾಳೆ ತನಗೇ ಎಂದುಕೊಂಡು ಎದ್ದು ಬಾಗಿ ನಮಸ್ಕರಿಸಿ, ಆಲ್ಬಮ್ ತೆರೆದು ಪಕ್ಕದವರ ಕೈಗೆ ಕೊಟ್ಟ. ಪಕ್ಕದಲ್ಲಿ ಕೂತಿದ್ದವರು ಕುಂದಾಪುರದ ಕಡೆಯ ಹಿರಿಯರು, ಮಗನ ಮನೆಗೆ ಬಂದವರು. ಮೊದಲ ಪುಟ ನೋಡಿದವರೇ, "ಅಯ್ಯೋ, ಇದು ಅಂಕದ ಹುಂಜ ಅಲ್ದಾ ಮಾರಾಯ್ರೆ!" ಎಂದು ಕೂಗಿದರು. ಪುತ್ತೂರಿನವನೊಬ್ಬ ಸಾರಿನ ಸೌಟು ಹಿಡಿದೇ ಓಡಿಬಂದ. ಕಾರ್ಕಳದವರು, ಮೂಡುಬಿದಿರೆಯವರು ಎಲ್ಲ ಎಂಜಲು ಕೈಯಲ್ಲೇ ಮುದುಕನ ಬೆನ್ನ ಹಿಂದೆ ನಿಂತರು. ಈ ಹುಂಜಗಳನ್ನು ಬಿಟ್ಟು ಈ ಮನುಷ್ಯ ಇಲ್ಲಿಗೆ ಹೇಗೆ ಬಂದ ಎಂದು ಯಾರೋ ಕೇಳಿದರು.

ಹೇಳಿದೆ. ಹುಂಜ, ಪಕ್ಕದ ಮನೆಯವನು, ಹಬ್ಬ, ಎಲ್ಲವನ್ನೂ. ಅಂಕಲ್‌ನ ಅರ್ಜಿಗೆ ವೀಸಾ ಇಲ್ಲ ಎಂದದ್ದು, ಹುಂಜದ ಅರ್ಜಿಗೆ ಸಿಕ್ಕಿದ್ದು. ಕೊನೆಗೆ ನನ್ನ ಅಮ್ಮನ ಲೋಟವನ್ನೂ.

"ಲೋಟ?" ಎಂದಳು ಸಾಲಿನ ಕೊನೆಯಲ್ಲಿದ್ದ ಒಬ್ಬಳು. "ನಮ್ಮಪ್ಪಂಗೂ ಅದೇ ಬರೆದಿದ್ರು. ಸೋರೋ ಮನೆ, ಒಂದು ಲೋಟ ನೀರು. ನಾವೇನೋ ಸರ್ಕಾರದ ಫಾರ್ಮ್ಯಾಟ್ ಅಂದ್ಕೊಂಡಿದ್ವಿ."

"ನಮ್ಮ ಅತ್ತೆಗೂ!"

"ಅಂಕಲ್, ನಮ್ಮ ಮನೆ ತಾರಸಿ ಮನೆ ಕಣ್ರೀ. ಎಲ್ಲಿಂದ ಸೋರಿಸಿದ್ರಿ?"

ಯಾರೋ ನಕ್ಕರು, ಇನ್ನು ಕೆಲವರು ನಗಲಿಲ್ಲ. ಅಂಕಲ್, "ಕರುಣೆ ಹುಟ್ಟಲಿ ಅಂತ..." ಎಂದು ಶುರು ಮಾಡಿದ. "ನಿಮಗೆ ನಮ್ಮ ಮೇಲೆ ಹುಟ್ಟಲಿಲ್ಲವಲ್ಲ ಅಂಕಲ್" ಎಂದೆ. ಅವನು ಎಲೆಯಲ್ಲಿ ಅನ್ನ ಹಾಗೇ ಬಿಟ್ಟು, ಕೈ ತೊಳೆಯುವ ನೆಪದಲ್ಲಿ ಎದ್ದು, ಆ ಬಾಗಿಲಿನಿಂದಲೇ ಹೊರಟುಹೋದ. ಪಾಯಸ ಅವನ ಎಲೆಗೆ ಬರಲೇ ಇಲ್ಲ. ತಾತಾಯ್ ಅವನ ಬೆನ್ನನ್ನು ಅಳೆಯುವ ಹಾಗೆ ನೋಡಿ, ನನ್ನ ಕಿವಿಯಲ್ಲಿ, "ಇದಕ್ಕೆ ಕತ್ತಿ ಕಟ್ಟುವುದು ದಂಡ. ಓಡುವ ಜಾತಿ" ಎಂದ.

ಕಾರಿನ ಹತ್ತಿರ ನಿಂತೇ ಅಮ್ಮನಿಗೆ ಫೋನ್ ಮಾಡಿದೆ.

"ಊಟ ಮಾಡಿದನಾ ಅವ?"

"ಇಲ್ಲ. ಎಲೆಯಿಂದ ಎದ್ದು ಹೋದ."

"ಪಾಯಸ?"

"ಅದೂ ಇಲ್ಲ."

"ಹಾಂ," ಎಂದಳು. ಅವಳು ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು. "ಈಗ ಪೂರ್ತಿ ಹೇಳು. ಮೊದಲಿನಿಂದ."

ಆದರೆ ಫಿಲಿಪೀನ್ಸ್‌ನಲ್ಲಿ ಅಂಕದ ಹಬ್ಬ ಹತ್ತಿರ ಬಂತು. ತಾತಾಯ್ ಟಿಕೆಟ್ ತೆಗೆಸಿದ. ವೀಸಾದಲ್ಲಿ ಇನ್ನೂ ತಿಂಗಳುಗಳು ಬಾಕಿ, ಮಗು ಇನ್ನೂ ಕೂರಲೂ ಕಲಿತಿಲ್ಲ. ನನ್ನ ಗೆಳತಿ ಬೇಡಿಕೊಂಡಳು, ಜಗಳವಾಡಿದಳು, ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿ ಬಾಗಿಲು ಹಾಕಿಕೊಂಡು ಹೋದಳು. ಮುದುಕ ಮಗುವಿಗೆ ಲಾಲಿ ಹಾಡುತ್ತಲೇ ಪೆಟ್ಟಿಗೆ ಕಟ್ಟಿದ. ಅಜ್ಜಿ ಉಳಿದಳು, ಅವನು ನಿಲ್ಲಲಿಲ್ಲ. ಏರ್‌ಪೋರ್ಟಿನಲ್ಲಿ ಗೆಳತಿ ನನ್ನ ಕಡೆ ತಿರುಗಿ, "ಎಲ್ಲ ನಿನ್ನಿಂದ ಆತೆ. ನೀನು ಬರೆಸಿದ್ದೆಲ್ಲ ನಿಜವಾಯಿತು" ಎಂದು ಅತ್ತಳು. ಹೇಳಿದ ಮಾತಿನಂತೆ ಹೋದವನಿಗೆ ಇನ್ನೊಂದು ಸಲ ವೀಸಾ ಸುಲಭ ಎಂದೆ. ಅವಳಿಗೆ ಆಗ ಅದು ಬೇಕಿರಲಿಲ್ಲ. ಮುದುಕ ಮಾತ್ರ ನನ್ನ ಕೈ ಹಿಡಿದು ಕುಲುಕಿ, ನೀನಾದರೂ ಬಲ್ಲೆ ಎನ್ನುವ ಹಾಗೆ ಕಣ್ಣು ಮಿಟುಕಿಸಿ ಒಳಗೆ ಹೋದ.

ಹಬ್ಬದ ಮರುದಿನ ಮೇಲಿನ ಮಹಡಿಯಿಂದ ನನ್ನನ್ನು ಕೂಗಿದರು. ಫೋನಿನಲ್ಲಿ ತಾತಾಯ್. ಮಗಳು ಅವನೊಡನೆ ಇನ್ನೂ ಮಾತು ಬಿಟ್ಟಿದ್ದಳು, ಆದರೆ ಮಗುವನ್ನೆತ್ತಿಕೊಂಡು ಫೋನಿನ ಪಕ್ಕದಲ್ಲೇ ನಿಂತಿದ್ದಳು. ಕೆಂಪು ಹುಂಜದ ಮಗ ಗೆದ್ದಿತ್ತು. ಸೋತ ಹುಂಜ ಗೆದ್ದವನ ಪಾಲು. ನಮ್ಮಲ್ಲೂ ಹಾಗೆ, ಅವರಲ್ಲೂ ಹಾಗೆ. ಪಕ್ಕದ ಮನೆಯವನ ಹುಂಜವನ್ನು ಶುಂಠಿ, ಹಸಿ ಪಪ್ಪಾಯಿ ಹಾಕಿ ಬೇಯಿಸಿದ್ದನಂತೆ, ಬೇಲಿಯ ಪಕ್ಕದಲ್ಲೇ, ವಾಸನೆ ಆ ಕಡೆಗೆ ಹೋಗಲೆಂದು.

"ಹೇಗಿತ್ತು ತಾತಾಯ್?"

"ಗಟ್ಟಿ. ಮಧ್ಯಾಹ್ನದವರೆಗೆ ಬೇಯಿಸಿದರೂ ಹಲ್ಲಿಗೆ ಬಗ್ಗಲಿಲ್ಲ," ಎಂದ. "ಎಲ್ಲ ತಿಂದೆ."

ಗೆಳತಿ ಮುಖ ಆ ಕಡೆ ತಿರುಗಿಸಿದಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಮಗುವಿನ ಕಿವಿಗೆ ಹಿಡಿದಳು. ಆ ಕಡೆ ಹುಂಜಗಳು ಕೂಗುತ್ತಿದ್ದವು.